ಬಿಗಿಯೂ ಭದ್ರತೆಯೂ: ಚಿಕ್ಕ ವಿಮಾನದ ಬಾಲಗಾಲಿಯ ಬೋಲ್ಟುಗಳು

ಎತ್ತಿನ ಗಾಡಿಯ ಅಚ್ಚಿನ ತುದಿಯಲ್ಲಿ ಗಾಲಿ ಕಳಚಿ ಬೀಳದಂತೆ ಒಂದು ಕಬ್ಬಿಣದ ಕೀಲನ್ನು ತೂರಿಸಿರುತ್ತಾರೆ. ಅದಕ್ಕೆ ಕಡೆಗೀಲು ಎಂದು ಹೆಸರು. ಕಡಾಣಿ ಎನ್ನುವ ಊರುಗಳೂ ಉಂಟು. ಗಾಡಿಯ ಭಾರವನ್ನು ಹೊರುವುದು ಅಚ್ಚು, ಉರುಳುವುದು ಗಾಲಿ, ಎಳೆಯುವವು ಎತ್ತುಗಳು. ಕಡೆಗೀಲು ಇವುಗಳಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಗಾಲಿ ಹೊರಕ್ಕೆ ಸರಿಯಲು ಹೊರಟಾಗ ಅದರ ದಾರಿಗೆ ಅಡ್ಡವಾಗಿ ನಿಲ್ಲುವುದಷ್ಟೇ ಅದರ ಹೊಣೆ. ಆದರೂ ಸಂತೆಗೆ ಗಾಡಿ ಹೂಡಿದ ರೈತನು ಹೊರಡುವ ಮುನ್ನ ಒಮ್ಮೆ ಬಗ್ಗಿ ನೋಡುವುದು ಅದನ್ನೇ.

ಆಕಾಶದಲ್ಲಿ ಹಾರುವ ವಿಮಾನಕ್ಕೂ ಇಂಥ ಕಡೆಗೀಲುಗಳು ಬೇಕು. ವಿಮಾನದ ಮೈಯಲ್ಲಿರುವ ಅಸಂಖ್ಯ ಬೋಲ್ಟು ನಟ್ಟುಗಳ ಪೈಕಿ ನೆಲಕ್ಕೆ ಅತಿ ಸಮೀಪದಲ್ಲಿದ್ದು, ಧೂಳು, ಕೆಸರು, ಕಲ್ಲುಹರಳುಗಳಿಗೆ ಮೈಯೊಡ್ಡಿ ನಿಂತಿರುವವು ಚಿಕ್ಕ ವಿಮಾನಗಳ ಬಾಲಗಾಲಿಯ ಬೋಲ್ಟುಗಳು. ಅವು ಸಡಿಲವಾಗದಂತೆ ಕಾಯುವ ಸಾಧನ ನೋಡಲು ಅತ್ಯಲ್ಪವಾದುದು: ಎರಡು ಕಾಲಿನ ಒಂದು ಪಿನ್ನು, ಇಲ್ಲವೆ ಮಿಲಿಮೀಟರಿಗಿಂತಲೂ ತೆಳುವಾದ ಗೇಣುದ್ದದ ಉಕ್ಕಿನ ತಂತಿ. ವಿಮಾನದ ಎಂಜಿನ್ನಿನ ಬಗೆಗೆ, ರೆಕ್ಕೆಯ ಆಕಾರದ ಬಗೆಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ವಿವರಣೆ ದೊರೆಯುತ್ತದೆ. ಈ ತಂತಿಯ ಬಗೆಗೆ ಸಾಮಾನ್ಯ ಓದುಗರಿಗೆ ಯಾರೂ ಹೇಳುವುದಿಲ್ಲ. ಹೇಳಬೇಕಾದ ಸಂಗತಿ ಮಾತ್ರ ಅದರಲ್ಲಿ ಸಾಕಷ್ಟಿದೆ.

ಈಗಿನ ಬಹುತೇಕ ಚಿಕ್ಕ ವಿಮಾನಗಳಿಗೆ ಮೂಗಿನ ಕೆಳಗೆ ಒಂದು ಗಾಲಿ, ರೆಕ್ಕೆಗಳ ಬುಡದ ಬಳಿ ಎರಡು ಗಾಲಿಗಳಿರುತ್ತವೆ. ಹಳೆಯ ಮಾದರಿಯ ರೀತಿ ಬೇರೆ. ಅದರಲ್ಲಿ ಎರಡು ದೊಡ್ಡ ಗಾಲಿಗಳು ಮುಂದೆ, ಒಂದು ಪುಟ್ಟ ಗಾಲಿ ಬಾಲದ ತುದಿಯಲ್ಲಿ. ನೆಲದ ಮೇಲೆ ನಿಂತಾಗ ಮೂಗನ್ನು ಮೇಲಕ್ಕೆತ್ತಿ, ಬಾಲವನ್ನು ತಗ್ಗಿಸಿ ಕುಳಿತ ಹಕ್ಕಿಯಂತೆ ಅದು ತೋರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಎಷ್ಟೋ ಮಂದಿಗೆ ಹಾರಾಟ ಕಲಿಸಿದ ಪೈಪರ್ ಕಬ್ ಈ ಬಗೆಯದು. ಕನ್ನಡನಾಡಿಗೂ ಈ ಬಗೆಯ ವಿಮಾನಗಳಿಗೂ ಹತ್ತಿರದ ನಂಟಿದೆ. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಮೊದಲ ಸಲ ಹಾರಿತು. ಅದಕ್ಕೆ ಬಾಲಗಾಲಿ ಇತ್ತು. 1958ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ಹಾರಿದ ಪುಷ್ಪಕ ಎಂಬ ಎರಡು ಆಸನಗಳ ವಿಮಾನಕ್ಕೂ ಬಾಲಗಾಲಿಯೇ. 90 ಅಶ್ವಶಕ್ತಿಯ ಎಂಜಿನ್ನಿನ ಈ ಪುಷ್ಪಕವು ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಅನೇಕ ವರ್ಷ ದುಡಿಯಿತು. ಪುರಾಣದ ಪುಷ್ಪಕಕ್ಕೆ ಗಾಲಿ ಇತ್ತೋ ಇಲ್ಲವೋ, ಬೆಂಗಳೂರಿನ ಪುಷ್ಪಕಕ್ಕಂತೂ ಬಾಲದ ಕೆಳಗೆ ಒಂದು ಪುಟ್ಟ ಗಾಲಿ ಇದ್ದುದು ನಿಶ್ಚಯ.

ಬಾಲಗಾಲಿಯ ರಚನೆ ಸರಳವಾದುದು. ವಿಮಾನದ ಒಡಲಿನ ಹಿಂತುದಿಗೆ ಲಾರಿಗಳ ಅಡಿಯಲ್ಲಿ ಕಾಣುವಂಥ ಪಟ್ಟಿಸ್ಪ್ರಿಂಗನ್ನು ಬೋಲ್ಟುಗಳಿಂದ ಜೋಡಿಸಿರುತ್ತಾರೆ. ಒಂದರ ಮೇಲೊಂದು ಇಟ್ಟ ಉಕ್ಕಿನ ಎರಡು ಮೂರು ಪಟ್ಟಿಗಳು ಇಳಿಯುವಾಗಿನ ಹೊಡೆತವನ್ನು ಬಾಗಿ ತಾಳಿಕೊಳ್ಳುತ್ತವೆ. ಪಟ್ಟಿಯ ಹೊರತುದಿಗೆ ಗಾಲಿಯ ಕವಲು, ಆ ಕವಲು ಎಡಬಲಕ್ಕೆ ತಿರುಗಲು ಒಂದು ನಿಲುವಾದ ಗೂಟ, ಕವಲಿನ ನಡುವೆ ಅಚ್ಚು, ಅಚ್ಚಿನ ಮೇಲೆ ಗಾಲಿ. ಕವಲಿನ ಎರಡೂ ಬದಿಗೆ ಚಾಚಿದ ಪುಟ್ಟ ತೋಳುಗಳಿಂದ ಎರಡು ಸುರುಳಿ ಸ್ಪ್ರಿಂಗುಗಳು ಮೇಲಿನ ಚುಕ್ಕಾಣಿಯ ತೋಳುಗಳಿಗೆ ಹೋಗುತ್ತವೆ. ಚಾಲಕನು ಕಾಲಿನಿಂದ ಚುಕ್ಕಾಣಿಯನ್ನು ಒತ್ತಿದಾಗ ಈ ಸ್ಪ್ರಿಂಗುಗಳ ಮೂಲಕ ಗಾಲಿಯೂ ಆ ಕಡೆಗೆ ತಿರುಗುತ್ತದೆ. ಇಷ್ಟನ್ನು ಹಿಡಿದಿಟ್ಟಿರುವ ಬೋಲ್ಟುಗಳ ಸಂಖ್ಯೆ ಎರಡೂ ಕೈಗಳ ಬೆರಳೆಣಿಕೆಯನ್ನು ಬಹಳವಾಗಿ ಮೀರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಯಾವ ಮುಚ್ಚಳವೂ ಇಲ್ಲದೆ ಬಯಲಿನಲ್ಲಿರುತ್ತವೆ.

ಆ ಜಾಗದ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಮುಂದಿನ ದೊಡ್ಡ ಗಾಲಿಗಳು ಎಬ್ಬಿಸಿದ ಧೂಳು, ಪಂಖವು ಹಿಂದಕ್ಕೆ ತೂರಿದ ಮರಳು, ಮಳೆಗಾಲದ ನೀರು ಎಲ್ಲವೂ ಕೊನೆಗೆ ಬಂದು ತಾಗುವುದು ಬಾಲದ ಕೆಳಭಾಗಕ್ಕೆ. ಹುಲ್ಲಿನ ಮೈದಾನವಾದರೆ ಹುಲ್ಲು ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಗಾಲಿ ಚಿಕ್ಕದಾದುದರಿಂದ ದೊಡ್ಡ ಗಾಲಿ ಲೆಕ್ಕಿಸದ ಹಳ್ಳವೂ ಅದಕ್ಕೆ ಗುಂಡಿಯಾಗುತ್ತದೆ. ಇವೆಲ್ಲಕ್ಕಿಂತ ಮಿಗಿಲಾದುದು ನಡುಕ. ಸ್ಪ್ರಿಂಗು ಬಳಲಿದಾಗ, ಗೂಟ ಸವೆದಾಗ, ಒಂದು ಬೋಲ್ಟು ಕೊಂಚ ಸಡಿಲವಾದಾಗ, ಓಡುವ ಬಾಲಗಾಲಿ ಎಡಕ್ಕೂ ಬಲಕ್ಕೂ ಅತಿ ವೇಗವಾಗಿ ಒದರಾಡತೊಡಗುತ್ತದೆ. ಹಳೆಯ ಕೈಗಾಡಿಯ ತಿರುಗುಗಾಲಿ ಒಮ್ಮೊಮ್ಮೆ ಹುಚ್ಚು ಹಿಡಿದಂತೆ ನಡುಗುವುದನ್ನು ಕಂಡವರಿಗೆ ಇದು ಅರ್ಥವಾದೀತು. ಆಗ ಇಡೀ ವಿಮಾನ ಗಡಗಡನೆ ಅದುರುತ್ತದೆ. ಸಡಿಲವಾದ ಬೋಲ್ಟು ನಡುಕವನ್ನು ಹುಟ್ಟಿಸುತ್ತದೆ. ನಡುಕವು ಉಳಿದ ಬೋಲ್ಟುಗಳನ್ನು ಸಡಿಲಿಸುತ್ತದೆ.

ಹಾಗಾದರೆ ಬೋಲ್ಟನ್ನು ಚೆನ್ನಾಗಿ ಬಿಗಿದರೆ ಸಾಲದೆ ಎಂಬ ಪ್ರಶ್ನೆ ಯಾರಿಗಾದರೂ ಹುಟ್ಟುತ್ತದೆ. ವಿಷಯದ ತಿರುಳು ಈ ಪ್ರಶ್ನೆಯಲ್ಲಿಯೇ ಇದೆ. ತಿರುಪು ಎಂಬುದು ಒಂದು ಕಂಬಕ್ಕೆ ಸುತ್ತಿದ ಇಳಿಜಾರು ಎಂದು ಭೌತಶಾಸ್ತ್ರದ ಪಾಠದಲ್ಲಿ ಅಧ್ಯಾಪಕರು ಹೇಳಿಕೊಡುವುದುಂಟು. ನಟ್ಟನ್ನು ತಿರುಗಿಸಿದಂತೆ ಅದು ಆ ಇಳಿಜಾರನ್ನು ಏರುತ್ತ ಬೋಲ್ಟನ್ನು ತುಸು ಎಳೆದು ಉದ್ದವಾಗಿಸುತ್ತದೆ. ಕಣ್ಣಿಗೆ ಕಾಣದಷ್ಟು ಹಿಗ್ಗಿದ ಬೋಲ್ಟು ಬಲವಾದ ಸ್ಪ್ರಿಂಗಿನಂತೆ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಸ್ಪ್ಯಾನರಿನ ಮೇಲೆ ಹಾಕಿದ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಿರುಪಿನ ಎಳೆಗಳ ಹಾಗೂ ನಟ್ಟಿನ ಅಡಿಯ ಘರ್ಷಣೆಗೇ ವ್ಯಯವಾಗಿ, ಒಂದು ಪಾಲು ಮಾತ್ರ ಈ ಹಿಡಿತವಾಗಿ ಉಳಿಯುತ್ತದೆ. ಆ ಘರ್ಷಣೆಯನ್ನು ನಷ್ಟವೆಂದು ತಿಳಿಯಬಾರದು. ಇಳಿಜಾರಿನ ಮೇಲೆ ಇಟ್ಟ ಪೆಟ್ಟಿಗೆ ಘರ್ಷಣೆಯಿಂದ ನಿಂತಿರುವಂತೆ, ನಟ್ಟು ಹಿಂದಕ್ಕೆ ಜಾರದೆ ನಿಂತಿರುವುದೂ ಅದರಿಂದಲೇ.

ಈಗ ಆ ಇಳಿಜಾರಿನ ಹಲಗೆಯನ್ನು ಅಡ್ಡಡ್ಡವಾಗಿ ಅಲುಗಿಸಿದರೆ ಏನಾಗುವುದು? ಪೆಟ್ಟಿಗೆಯನ್ನು ಯಾರೂ ಕೆಳಕ್ಕೆ ನೂಕದಿದ್ದರೂ ಅದು ಅಲುಗಿದಷ್ಟೂ ಕೊಂಚ ಕೊಂಚವಾಗಿ ಕೆಳಕ್ಕೆ ಸರಿಯುತ್ತದೆ. ಅಡ್ಡ ಜಾರಿಕೆಯಲ್ಲಿ ಘರ್ಷಣೆ ತೊಡಗಿರುವಾಗ ಕೆಳಮುಖ ಜಾರಿಕೆಯನ್ನು ತಡೆಯಲು ಅದಕ್ಕೆ ಬಲ ಉಳಿಯುವುದಿಲ್ಲ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬೋಲ್ಟಿನ ವಿಷಯದಲ್ಲಿಯೂ ಇದೇ ನಡೆಯುತ್ತದೆ ಎಂಬುದು ಸ್ಪಷ್ಟವಾಯಿತು. ಬೋಲ್ಟಿನ ಉದ್ದಕ್ಕೆ ಬೀಳುವ ಎಳೆತಕ್ಕಿಂತ ಅಡ್ಡಲಾಗಿ ಬೀಳುವ ಕಂಪನವೇ ಅದನ್ನು ಶೀಘ್ರವಾಗಿ ಸಡಿಲಿಸುತ್ತದೆ. ಜೋಡಣೆ ಅಡ್ಡಕ್ಕೆ ಜಾರುವಷ್ಟು ಕಂಪನ ಬಲವಾಗಿದ್ದರೆ ಪೂರ್ಣವಾಗಿ ಬಿಗಿದ ನಟ್ಟು ಕೂಡ ತಾನಾಗಿ ಬಿಚ್ಚಿಕೊಳ್ಳಬಲ್ಲದು. ಎಡಬಲಕ್ಕೆ ಒದರಾಡುವ ಬಾಲಗಾಲಿ ತನ್ನ ಬೋಲ್ಟುಗಳಿಗೆ ಕೊಡುವುದು ಇದೇ ಅಡ್ಡ ಕಂಪನವನ್ನು. ಶಾಲೆಯ ಬೆಂಚಿನ ನಟ್ಟುಗಳನ್ನು ಎಷ್ಟು ಸಲ ಬಿಗಿಸಿದರೂ ಮತ್ತೆ ಮತ್ತೆ ಸಡಿಲವಾಗುವುದೇಕೆಂದು ಚಿಂತಿಸಿದ ಅಧ್ಯಾಪಕರಿಗೂ ಇದರಲ್ಲಿ ಉತ್ತರವಿದೆ: ಮಕ್ಕಳು ಬೆಂಚನ್ನು ಅಲುಗಿಸುವುದು ಅಡ್ಡಡ್ಡಲಾಗಿಯೇ.

ಇನ್ನೊಂದು ಸಂಗತಿಯೂ ಇದೆ. ಬಾಲಗಾಲಿಯ ಕೆಲವು ನಟ್ಟುಗಳನ್ನು ಬಿಗಿಯಲೇಬಾರದು. ಸೈಕಲ್ಲಿನ ಗಾಲಿಯ ಕೋನನ್ನು ಅತಿಯಾಗಿ ಬಿಗಿದರೆ ಗಾಲಿ ತಿರುಗುವುದಿಲ್ಲ, ಸಡಿಲ ಬಿಟ್ಟರೆ ಗಾಲಿ ಓಲಾಡುತ್ತದೆ. ಈ ಎರಡರ ನಡುವಣ ಹದವನ್ನು ಕೈಯೇ ಗುರುತಿಸಬೇಕು. ಬೇರಿಂಗ್ ಇರುವ ವಿಮಾನದ ಗಾಲಿಯ ಅಚ್ಚಿನ ನಟ್ಟಿಗೂ ಅದೇ ಹದ. ಸ್ಪ್ರಿಂಗಿನ ಕೊಂಡಿಯನ್ನು ತೋಳಿಗೆ ಸೇರಿಸುವ ಬೋಲ್ಟಾದರೂ ಅಷ್ಟೆ, ಅದು ತನ್ನ ರಂಧ್ರದಲ್ಲಿ ಸ್ವಲ್ಪ ತಿರುಗಾಡಲು ಸ್ವತಂತ್ರವಾಗಿರಬೇಕು. ಇಂಥ ಕಡೆ ನಟ್ಟನ್ನು ಹಿಡಿದಿಡಲು ಬಿಗಿತದ ನೆರವೇ ಇಲ್ಲ. ಆದುದರಿಂದ ಬಿಗಿ ಮಾಡುವುದು ಒಂದು ಕೆಲಸ, ಭದ್ರ ಮಾಡುವುದು ಮತ್ತೊಂದು ಕೆಲಸ. ವಿಮಾನದ ಕಾರ್ಖಾನೆಯಲ್ಲಿ ಹೊಸ ಕೆಲಸಗಾರನು ಮೊಟ್ಟಮೊದಲು ಕಲಿಯಬೇಕಾದ ಭೇದ ಇದು. ಸ್ಪ್ಯಾನರು ಮೊದಲನೆಯದನ್ನು ಮಾತ್ರ ಮಾಡಬಲ್ಲದು.

ತಿರುಗುವ ಜೋಡಣೆಗಳಿಗೆ ಅತಿ ಹಳೆಯ ಹಾಗೂ ಇಂದಿಗೂ ಅತಿ ನಂಬಿಕೆಯ ಉಪಾಯವೆಂದರೆ ಕ್ಯಾಸಲ್ ನಟ್ಟು ಮತ್ತು ಸ್ಪ್ಲಿಟ್ ಪಿನ್ನು. ಈ ನಟ್ಟಿನ ಮೇಲಂಚಿನಲ್ಲಿ ಕೋಟೆಯ ತೆನೆಗಳಂತೆ ಎತ್ತರ ತಗ್ಗುಗಳ ಸಾಲಿರುತ್ತದೆ. ಬೋಲ್ಟಿನ ತುದಿಯಲ್ಲಿ ಅಡ್ಡಲಾಗಿ ಒಂದು ರಂಧ್ರ. ನಟ್ಟಿನ ತಗ್ಗು ಬೋಲ್ಟಿನ ರಂಧ್ರಕ್ಕೆ ಎದುರಾದಾಗ ಅವುಗಳ ಮೂಲಕ ಪಿನ್ನನ್ನು ತೂರಿಸಿ ಅದರ ಕಾಲುಗಳನ್ನು ಮಡಿಸುತ್ತಾರೆ. ಒಂದು ಕಾಲು ಬೋಲ್ಟಿನ ತುದಿಯ ಮೇಲೆ ಮಡಿಯುತ್ತದೆ, ಮತ್ತೊಂದು ನಟ್ಟಿನ ಪಕ್ಕಕ್ಕೆ ಒರಗಿ ಕೆಳಕ್ಕೆ ಇಳಿಯುತ್ತದೆ. ಮೇಲಿನ ಕಾಲು ಬೋಲ್ಟಿನ ಅಗಲವನ್ನು ಮೀರಿ ಹೊರಚಾಚಬಾರದು. ಕೆಳಗಿನದು ವಾಷರಿಗೆ ತಾಗಬಾರದು. ಮಡಿಕೆ ಚೂಪಾಗಿರದೆ ಕೊಂಚ ದುಂಡಾಗಿರಬೇಕು, ಏಕೆಂದರೆ ಚೂಪು ಮಡಿಕೆಯಲ್ಲಿ ಪಿನ್ನು ಮುರಿಯುತ್ತದೆ. ಒಮ್ಮೆ ತೆಗೆದ ಪಿನ್ನನ್ನು ಮತ್ತೆ ಹಾಕುವಂತಿಲ್ಲ.

ಕಷ್ಟ ಬರುವುದು ನಟ್ಟಿನ ತಗ್ಗು ರಂಧ್ರಕ್ಕೆ ಎದುರಾಗದಿದ್ದಾಗ. ಕಾಲು ಇಂಚಿನ ಸಾಮಾನ್ಯ ವಿಮಾನ ಬೋಲ್ಟಿಗೆ ಎಳೆತ ತಾಳುವ ದಪ್ಪ ನಟ್ಟು ಹಾಕಿದ್ದರೆ 50ರಿಂದ 70 ಇಂಚು-ಪೌಂಡುಗಳಷ್ಟು ತಿರುಚುಬಲವೆಂದು ಅಮೆರಿಕದ ವಿಮಾನಯಾನ ಆಡಳಿತದ ಕೈಪಿಡಿಯಲ್ಲಿ ನಿಗದಿಯಾಗಿದೆ. ಒಂದು ಅಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಎರಡೂವರೆ ಕಿಲೋ ತೂಗುಹಾಕಿದಷ್ಟು ಮಾತ್ರ. ಕೈಬಲವುಳ್ಳವನಿಗೆ ಇದು ಏನೂ ಅಲ್ಲ. ಮೊದಲು ಕೆಳಗಿನ ಮಿತಿಗೆ, ಅಂದರೆ 50ಕ್ಕೆ ಬಿಗಿಯಬೇಕು. ತಗ್ಗು ಎದುರಾಗದಿದ್ದರೆ ಮೇಲಿನ ಮಿತಿಯೊಳಗೆ ಇನ್ನಷ್ಟು ಬಿಗಿಯುತ್ತ ಹೋಗಬಹುದು. ಆಗಲೂ ಸೇರದಿದ್ದರೆ ನಟ್ಟನ್ನು ಬಿಚ್ಚಿ ವಾಷರನ್ನು ಬದಲಿಸಿ ನೋಡಬೇಕು. ವಿಮಾನದ ವಾಷರುಗಳು ಎರಡು ದಪ್ಪಗಳಲ್ಲಿ ದೊರೆಯುವುದು ಇದಕ್ಕೆ ಬಲು ಅನುಕೂಲ. ಮಾಡಲೇಬಾರದ ಕೆಲಸವೆಂದರೆ ನಟ್ಟನ್ನು ಕೊಂಚ ಹಿಂದಕ್ಕೆ ತಿರುಗಿಸಿ ಪಿನ್ನು ತೂರಿಸುವುದು. ಸಂಜೆಯ ಹೊತ್ತು, ಮನೆಗೆ ಹೋಗುವ ಅವಸರ, ಬೇರೆ ವಾಷರು ಕೈಗೆ ಸಿಗದ ಬೇಸರ ಇವೆಲ್ಲ ಕೂಡಿದಾಗ ಆ ಆಸೆ ಬಲವಾಗುತ್ತದೆ. ಪಿನ್ನು ಹಾಕಿದ ಮೇಲೆ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ನಟ್ಟು ಬಿದ್ದುಹೋಗದೆಂಬುದು ನಿಜ. ಆದರೆ ಹಿಡಿತ ಕಳೆದುಕೊಂಡ ಬೋಲ್ಟು ರಂಧ್ರದಲ್ಲಿ ಬಡಿದಾಡುತ್ತ ರಂಧ್ರವನ್ನೇ ಅಗಲ ಮಾಡುತ್ತದೆ.

ಒಳಗೆ ನೈಲಾನ್ ಉಂಗುರವುಳ್ಳ ನಟ್ಟುಗಳನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಉಂಗುರವು ಎಳೆಗಳನ್ನು ಕಚ್ಚಿ ಹಿಡಿಯುವುದರಿಂದ ಇವು ಪಿನ್ನಿಲ್ಲದೆಯೇ ನಿಲ್ಲುತ್ತವೆ; ಪಟ್ಟಿಸ್ಪ್ರಿಂಗನ್ನು ಒಡಲಿಗೆ ಬಿಗಿಯುವಂಥ ತಿರುಗದ ಜೋಡಣೆಗೆ ಒಪ್ಪುತ್ತವೆ. ಬೆರಳಿನಿಂದಲೇ ಕೊನೆಯವರೆಗೆ ತಿರುಗುವಷ್ಟು ಸವೆದ ನಟ್ಟನ್ನು ಎಸೆಯಬೇಕು. ಬೋಲ್ಟು ತಾನೇ ತಿರುಗುವ ಕಡೆ ಇವನ್ನು ಬಳಸಬಾರದು. ಸೈಕಲ್ ಅಂಗಡಿಯಲ್ಲೂ ಪಂಪ್‌ಸೆಟ್ಟಿನಲ್ಲೂ ಎಲ್ಲೆಡೆ ಕಾಣುವ ಸ್ಪ್ರಿಂಗ್ ವಾಷರಿಗೆ ವಿಮಾನದಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಕಳಚಿದರೆ ಅಪಾಯವಾಗುವ ಕಡೆ, ಗಾಳಿಯ ಹೊಡೆತಕ್ಕೆ ತೆರೆದ ಕಡೆ, ತುಕ್ಕು ಹಿಡಿಯುವ ಕಡೆ ಅದನ್ನು ಹಾಕಬಾರದೆಂದು ನಿಯಮ. ಬಾಲಗಾಲಿಯಲ್ಲಿ ಈ ಮೂರೂ ಒಟ್ಟಿಗೆ ಸೇರಿವೆ.

ಇನ್ನು ತಂತಿಯ ವಿಷಯ. ನಟ್ಟಿಲ್ಲದೆ ನೇರವಾಗಿ ಲೋಹದೊಳಕ್ಕೆ ತಿರುಗಿ ಕೂರುವ ಬೋಲ್ಟುಗಳಿಗೆ ಪಿನ್ನು ಹಾಕಲು ತುದಿಯೇ ಸಿಗುವುದಿಲ್ಲ. ಅಂಥವುಗಳ ತಲೆಯಲ್ಲಿಯೇ ಸಣ್ಣ ರಂಧ್ರ ಕೊರೆದು, ಅದರ ಮೂಲಕ ತುಕ್ಕು ಹಿಡಿಯದ ಉಕ್ಕಿನ ತಂತಿಯನ್ನು ಪೋಣಿಸಿ ಪಕ್ಕದ ಬೋಲ್ಟಿಗೆ ಕಟ್ಟುತ್ತಾರೆ. ಕಾರ್ಖಾನೆಯವರು ಇದನ್ನು ಲಾಕ್ ವೈರ್ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವುದು ಇಂಚಿನ ಸಾವಿರದಲ್ಲಿ 32 ಪಾಲು, ಅಂದರೆ ಸುಮಾರು 0.8 ಮಿಲಿಮೀಟರ್ ದಪ್ಪದ್ದು. ಇಷ್ಟು ತೆಳುವಾದ ತಂತಿ ಬೋಲ್ಟನ್ನು ಬಿಗಿಹಿಡಿಯುತ್ತದೆ ಎಂದುಕೊಂಡರೆ ತಪ್ಪು. ಅದು ಹಿಡಿಯುವುದಿಲ್ಲ, ಸಡಿಲವಾಗುವ ದಿಕ್ಕಿಗೆ ತಿರುಗಲು ಬಿಡುವುದಿಲ್ಲ, ಅಷ್ಟೆ.

ಈ ದಿಕ್ಕಿನ ಲೆಕ್ಕವೇ ಇದರ ಜಾಣ್ಮೆ. ಪಕ್ಕಪಕ್ಕದಲ್ಲಿ ಎರಡು ಬೋಲ್ಟುಗಳಿವೆ ಎಂದು ಭಾವಿಸಬೇಕು. ಎರಡೂ ಬಿಗಿಯಾಗುವುದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. ಎಡಗಡೆಯ ಬೋಲ್ಟಿನ ತಲೆಯ ಮೇಲ್ಬದಿಯಿಂದ ಹೊರಟ ತಂತಿ ಓರೆಯಾಗಿ ಸಾಗಿ ಬಲಗಡೆಯ ಬೋಲ್ಟಿನ ತಲೆಯ ಕೆಳಬದಿಯನ್ನು ಸೇರಬೇಕು. ಈಗ ಎಡಗಡೆಯ ಬೋಲ್ಟು ಸಡಿಲವಾಗಲು, ಅಂದರೆ ಮುಳ್ಳಿಗೆ ವಿರುದ್ಧವಾಗಿ ತಿರುಗಲು ಹೊರಟಿತೆನ್ನೋಣ. ಅದರ ಮೇಲ್ಬದಿ ಎಡಕ್ಕೆ ಸರಿಯುತ್ತದೆ, ತಂತಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತ ಬಲಗಡೆಯ ಬೋಲ್ಟಿನ ಕೆಳಬದಿಯನ್ನು ಎಡಕ್ಕೆ ಸೆಳೆಯುತ್ತದೆ. ಅದರಿಂದ ಆ ಬೋಲ್ಟು ಮುಳ್ಳಿನ ದಿಕ್ಕಿಗೆ, ಎಂದರೆ ಬಿಗಿಯಾಗುವ ದಿಕ್ಕಿಗೇ ತಿರುಗಬೇಕಾಗುತ್ತದೆ. ಅದು ಆಗಲೇ ಬಿಗಿಯಾಗಿರುವುದರಿಂದ ತಿರುಗದು. ಹೀಗೆ ಒಂದರ ಸಡಿಲಿಕೆಗೆ ಮತ್ತೊಂದರ ಬಿಗಿತವೇ ಅಡ್ಡಿ. ಇದನ್ನು ಎರಡು ಗುಂಡಿಗಳೂ ಒಂದು ದಾರವೂ ಇದ್ದರೆ ತರಗತಿಯ ಮೇಜಿನ ಮೇಲೆಯೇ ಮಾಡಿ ತೋರಿಸಬಹುದು. ಅದೇ ತಂತಿಯನ್ನು ತಪ್ಪು ಬದಿಯಿಂದ ಕಟ್ಟಿದರೆ ಫಲ ತಲೆಕೆಳಗು: ಬೋಲ್ಟು ಸಡಿಲವಾದಂತೆಲ್ಲ ತಂತಿಯೂ ಸಡಿಲವಾಗಿ ಅದಕ್ಕೆ ದಾರಿ ಬಿಟ್ಟುಕೊಡುತ್ತದೆ. ನೋಡಲು ಎರಡೂ ಅಂದವಾಗಿಯೇ ಇರುತ್ತವೆ. ಅಂದವಾಗಿ ಹೆಣೆದ ತಪ್ಪು ತಂತಿಯು ತಂತಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದೆನ್ನಬೇಕು. ತಂತಿ ಇಲ್ಲದ ಬೋಲ್ಟು ಕಡೇಪಕ್ಷ ನೋಡುಗನ ಅನುಮಾನವನ್ನಾದರೂ ಕೆರಳಿಸುತ್ತದೆ.

ತಂತಿಯನ್ನು ಜೋಡಿಯಾಗಿ ಹೊಸೆಯುವುದು ರೂಢಿ. ಒಂದು ಇಂಚಿನೊಳಗೆ ಆರರಿಂದ ಎಂಟು ಹೊಸೆತಗಳು ಬರಬೇಕು. ಕಡಿಮೆಯಾದರೆ ತಂತಿ ಜೋಲುತ್ತದೆ. ಹೆಚ್ಚಾದರೆ ಉಕ್ಕು ಪೆಡಸಾಗಿ, ಬೆರಳು ತಾಗಿದರೆ ಮುರಿಯುವಂತಾಗುತ್ತದೆ. ಇಕ್ಕಳದ ಹಲ್ಲಿನಿಂದ ಗಾಯವಾದ ತಂತಿಯನ್ನೂ ಒಮ್ಮೆ ಬಿಚ್ಚಿದ ತಂತಿಯನ್ನೂ ಬಳಸುವಂತಿಲ್ಲ. ಕೊನೆಯಲ್ಲಿ ಮೂರರಿಂದ ಆರು ಹೊಸೆತಗಳ ಒಂದು ಪುಟ್ಟ ಬಾಲವನ್ನು ಉಳಿಸಿ, ಮಿಕ್ಕುದನ್ನು ಕತ್ತರಿಸಿ, ಆ ಬಾಲವನ್ನು ಹಿಂದಕ್ಕೆ ಮಡಿಸಬೇಕು. ಮಡಿಸದೆ ಬಿಟ್ಟ ತುದಿ ಸೂಜಿಯಂತಿದ್ದು, ಮರುದಿನ ಗಾಲಿ ಒರೆಸಲು ಬಂದವನ ಬೆರಳನ್ನು ಸೀಳುತ್ತದೆ. ಒಬ್ಬ ಕೆಲಸಗಾರನ ಶಿಸ್ತನ್ನು ಅಳೆಯಬೇಕಾದರೆ ಅವನು ಕಟ್ಟಿದ ಒಂದು ತಂತಿಯನ್ನು ನೋಡಿದರೆ ಸಾಕು.

ಬಾಲಗಾಲಿಯ ಒಂದು ಬೋಲ್ಟು ಕಳಚಿದರೆ ಏನಾದೀತು ಎಂದು ಕೇಳುವವರೂ ಇರಬಹುದು. ಸ್ಪ್ರಿಂಗಿನ ಬೋಲ್ಟು ಹೋದರೆ ಗಾಲಿ ಕಿತ್ತುಬಂದು, ಬಾಲ ನೆಲಕ್ಕೆ ಬಿದ್ದು, ಚುಕ್ಕಾಣಿಯ ಅಂಚು ಉಜ್ಜಿಹೋಗಬಹುದು. ಎರಡು ಸುರುಳಿ ಸ್ಪ್ರಿಂಗುಗಳಲ್ಲಿ ಒಂದರ ಕೊಂಡಿ ಕಳಚಿದರೆ ಮತ್ತೊಂದು ಗಾಲಿಯನ್ನು ತನ್ನ ಕಡೆಗೇ ಎಳೆಯುತ್ತದೆ. ಬಾಲಗಾಲಿಯ ವಿಮಾನದಲ್ಲಿ ತೂಕದ ಕೇಂದ್ರವಿರುವುದು ಮುಂದಿನ ಗಾಲಿಗಳ ಹಿಂದೆ. ಓಡುತ್ತಿರುವಾಗ ಬಾಲ ಒಮ್ಮೆ ಪಕ್ಕಕ್ಕೆ ಸರಿದರೆ ಆ ತೂಕವೇ ಅದನ್ನು ಇನ್ನಷ್ಟು ಪಕ್ಕಕ್ಕೆ ನೂಕಿ, ವಿಮಾನ ಬುಗುರಿಯಂತೆ ಸುತ್ತಿ ಒಂದು ರೆಕ್ಕೆಯನ್ನು ನೆಲಕ್ಕೆ ಬಡಿಯುತ್ತದೆ. ಇಂಥ ಅವಘಡಗಳಲ್ಲಿ ಪ್ರಾಣಹಾನಿ ಅಪರೂಪ. ಆದರೆ ಬಾಲದಲ್ಲಿರುವುದು ಗಾಲಿಯೊಂದೇ ಅಲ್ಲ. ಅದೇ ಬಗೆಯ ನಟ್ಟು, ಅದೇ ಬಗೆಯ ಪಿನ್ನು, ಅದರ ಒಂದೆರಡು ಅಡಿ ಮೇಲೆ ವಿಮಾನದ ಏರಿಳಿತವನ್ನು ನಿಯಂತ್ರಿಸುವ ರೆಕ್ಕೆಗಳನ್ನೂ ಹಿಡಿದಿರುತ್ತವೆ. ಅಲ್ಲಿ ನಡೆದ ಎರಡು ದುರಂತಗಳು ಇಲ್ಲಿಗೆ ಪ್ರಸ್ತುತವಾಗಿವೆ.

2000ದ ಫೆಬ್ರವರಿ 16ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರಕು ಸಾಗಿಸುವ ಡಿಸಿ-8 ವಿಮಾನವೊಂದು ಮೇಲೇರಿದ ಕೆಲವೇ ನಿಮಿಷಗಳಲ್ಲಿ ಉರುಳಿ ಬಿದ್ದು ಅದರಲ್ಲಿದ್ದ ಮೂವರೂ ಮಡಿದರು. ಬಾಲದ ನಿಯಂತ್ರಕದ ಒಂದು ಬೋಲ್ಟನ್ನು ಸರಿಯಾಗಿ ಭದ್ರಪಡಿಸದೆ, ಪರೀಕ್ಷಿಸದೆ ಬಿಟ್ಟುದರಿಂದ ಅದು ಕಳಚಿತೆಂದು ಸರ್ಕಾರಿ ತನಿಖೆ ತೀರ್ಮಾನಿಸಿತು.

ಎರಡನೆಯದು 2022ರ ಸೆಪ್ಟೆಂಬರ್ 4ರ ಘಟನೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮ್ಯುಟಿನಿ ಬೇ ಎಂಬ ಕೊಲ್ಲಿಯ ಮೇಲೆ ಹಾರುತ್ತಿದ್ದ ಆಟರ್ ಎಂಬ ಹೆಸರಿನ, ನೀರಿನ ಮೇಲೆ ಇಳಿಯುವ ಚಿಕ್ಕ ವಿಮಾನವೊಂದು ಇದ್ದಕ್ಕಿದ್ದಂತೆ ಮೂಗು ಕೆಳಗಾಗಿ ನೀರಿಗೆ ಬಿತ್ತು. ಚಾಲಕನೂ ಒಂಬತ್ತು ಪ್ರಯಾಣಿಕರೂ ಅಸುನೀಗಿದರು. ಸಮುದ್ರದ ತಳದಿಂದ ಎತ್ತಿದ ಅವಶೇಷಗಳಲ್ಲಿ ಬಾಲದ ಅಡ್ಡರೆಕ್ಕೆಯ ಓರೆಯನ್ನು ಹೊಂದಿಸುವ ಸಾಧನ ಎರಡು ತುಂಡಾಗಿತ್ತು. ಬಲವಾದ ಎಳೆತಕ್ಕೆ ಕಿತ್ತುಬಂದಿದ್ದರೆ ತಿರುಪಿನ ಎಳೆಗಳು ಹರಿದಿರಬೇಕಾಗಿತ್ತು. ಅವು ಹಾಳಾಗದೆ ಇದ್ದವು. ಅಂದರೆ ಅದನ್ನು ಹಿಡಿದಿದ್ದ ನಟ್ಟು ತಾನಾಗಿ ತಿರುಗುತ್ತ ತಿರುಗುತ್ತ ಕೊನೆಯ ಎಳೆಯವರೆಗೂ ಬಿಚ್ಚಿಕೊಂಡಿತ್ತು. ಆ ನಟ್ಟು ತಿರುಗದಂತೆ ತಡೆಯಲು ಇರಬೇಕಾಗಿದ್ದುದು ಒಂದು ಪುಟ್ಟ ತಡೆಯುಂಗುರ, ಅದು ಅಲ್ಲಿರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ತನಿಖಾ ಮಂಡಳಿಯು ಆ ಮಾದರಿಯ ಎಲ್ಲ ವಿಮಾನಗಳಲ್ಲಿಯೂ ಆ ಉಂಗುರ ಇದೆಯೇ ಎಂದು ಒಡನೆಯೇ ನೋಡಬೇಕೆಂದು ಶಿಫಾರಸು ಮಾಡಿತು. ವಿಮಾನ ಹಳೆಯದೆಂಬುದಾಗಲಿ ಲೋಹ ದುರ್ಬಲವೆಂಬುದಾಗಲಿ ಇಲ್ಲಿ ಕಾರಣವಾಗಲಿಲ್ಲ. ಗಾಡಿ ಗಟ್ಟಿಯಾಗಿಯೇ ಇತ್ತು; ಕಡೆಗೀಲು ಇರಲಿಲ್ಲ.

ಆ ಉಂಗುರ ಇದ್ದುದು ಬಾಲದ ಒಳಗೆ, ಹಾರಾಟಕ್ಕೆ ಮುನ್ನ ಸುತ್ತು ಬರುವವನ ಕಣ್ಣಿಗೆ ಬೀಳದ ಕಡೆ. ಈ ದೃಷ್ಟಿಯಿಂದ ನೋಡಿದರೆ ಬಾಲಗಾಲಿಯ ಬೋಲ್ಟುಗಳು ಬಯಲಿನಲ್ಲಿರುವುದು ಅವುಗಳ ದೌರ್ಬಲ್ಯವೂ ಹೌದು, ಅನುಕೂಲವೂ ಹೌದು. ಧೂಳಿಗೆ ಕಾಣುವುದು ಕಣ್ಣಿಗೂ ಕಾಣುತ್ತದೆ. ಬೋಲ್ಟಿನ ಬಿಗಿತವನ್ನು ಯಾರೂ ನೋಡಿ ತಿಳಿಯಲಾರರು. ಪಿನ್ನಿನ ಕಾಲು ಮಡಿದಿದೆಯೇ, ತಂತಿ ಬಿಗಿದು ನಿಂತಿದೆಯೇ ಎಂಬುದನ್ನು ಮೊಣಕಾಲೂರಿ ಕೂತ ಯಾರೇ ಆದರೂ ನೋಡಬಲ್ಲರು. ಕೆಲವರು ಬಿಗಿದ ನಟ್ಟಿನಿಂದ ಪಕ್ಕದ ಲೋಹದವರೆಗೆ ಗಾಢ ಬಣ್ಣದ ಒಂದು ಗೆರೆಯನ್ನೂ ಎಳೆಯುತ್ತಾರೆ. ಅದು ನಟ್ಟನ್ನು ತಡೆಯುವುದಿಲ್ಲ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ತೋರಿಸಿಕೊಡುತ್ತದೆ.

ಚಾಲಕನು ಹಾರುವ ಮುನ್ನ ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎಲ್ಲವನ್ನೂ ನೋಡುವುದು ಕಡ್ಡಾಯದ ಪದ್ಧತಿ. ಎಂಜಿನ್ನಿನ ಎಣ್ಣೆಯನ್ನು ನೋಡುವ ಉತ್ಸಾಹ ಬಾಲದ ಬಳಿ ಬರುವ ಹೊತ್ತಿಗೆ ತಗ್ಗಿರುವುದು ಮನುಷ್ಯ ಸಹಜ. ಬಿಳಿಯ ಪ್ಯಾಂಟು ತೊಟ್ಟವರಿಗೆ ಹುಲ್ಲಿನಲ್ಲಿ ಮೊಣಕಾಲೂರುವುದು ಇನ್ನೂ ಕಷ್ಟ. ಆದರೂ ಗಾಲಿಯನ್ನು ಕೈಯಿಂದ ಅಲುಗಿಸಿ ನೋಡಬೇಕು, ಸ್ಪ್ರಿಂಗಿನ ಕೊಂಡಿಗಳನ್ನು ಎಳೆದು ನೋಡಬೇಕು, ಅಚ್ಚಿಗೆ ಸುತ್ತಿದ ಹುಲ್ಲನ್ನು ಬಿಡಿಸಿ ಅದರಡಿಯ ಪಿನ್ನನ್ನು ಹುಡುಕಬೇಕು. ಅಮೆರಿಕದ ನಿಯಮಗಳಲ್ಲಿ ಕೆಟ್ಟುಹೋದ ಲಾಕ್ ವೈರನ್ನೂ ಸ್ಪ್ಲಿಟ್ ಪಿನ್ನನ್ನೂ ಬದಲಿಸುವ ಕೆಲಸವನ್ನು ಪರವಾನಗಿಯುಳ್ಳ ಚಾಲಕನು ತನ್ನ ಸ್ವಂತದ ಖಾಸಗಿ ವಿಮಾನಕ್ಕೆ ತಾನೇ ಮಾಡಿಕೊಳ್ಳಲು ಅನುಮತಿಯಿದೆ. ಮಾಡಿದುದನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಬ್ರಿಟಿಷ್ ಪದ್ಧತಿಯಲ್ಲಿ ನಿಯಂತ್ರಣದ ಜೋಡಣೆಗಳನ್ನು ಬಿಚ್ಚಿ ಕೂಡಿಸಿದಾಗ ಒಬ್ಬನು ನೋಡಿ ಸಹಿ ಮಾಡಿದ ಮೇಲೆ, ಆ ಕೆಲಸದಲ್ಲಿ ಕೈಹಾಕದ ಮತ್ತೊಬ್ಬನು ಹೊಸದಾಗಿ ನೋಡಿ ಇನ್ನೊಂದು ಸಹಿ ಮಾಡುವ ನಿಯಮ ಬೆಳೆದು ಬಂದಿದೆ. ತನ್ನ ಕೈಯ ಕೆಲಸದಲ್ಲಿ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಉತ್ತರಪತ್ರಿಕೆಗಳನ್ನು ತಿದ್ದುವ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ತಂತಿ ಕಟ್ಟಿ ಮುಗಿದ ಮೇಲೆ ಕತ್ತರಿಸಿದ ತುಂಡುಗಳು ಉಳಿಯುತ್ತವೆ. ಅರ್ಧ ಬೆರಳುದ್ದದ ಆ ತುಂಡು ಹುಲ್ಲಿನಲ್ಲಿ ಬಿದ್ದರೆ ಮುಂದೆ ಬರುವ ಯಾವುದೋ ವಿಮಾನದ ಟಯರನ್ನು ಚುಚ್ಚುತ್ತದೆ. ಒಡಲಿನ ಒಳಕ್ಕೆ ಬಿದ್ದರೆ ಉರುಳಿ ಹೋಗಿ ಯಾವ ಸಂದಿಯಲ್ಲಿ ಸಿಲುಕೀತೆಂದು ಹೇಳಲಾಗದು. ಆದುದರಿಂದ ಪಳಗಿದ ಕೆಲಸಗಾರನು ಇಕ್ಕಳದಿಂದ ಕತ್ತರಿಸುವಾಗಲೇ ಇನ್ನೊಂದು ಕೈಯಿಂದ ತುದಿಯನ್ನು ಹಿಡಿದುಕೊಂಡಿರುತ್ತಾನೆ. ಎಷ್ಟು ಕಡೆ ಕತ್ತರಿಸಿದೆನೆಂದು ಎಣಿಸಿ, ಅಷ್ಟೂ ತುಂಡುಗಳು ಜೇಬಿನಲ್ಲಿವೆಯೆಂದು ನೋಡಿಕೊಂಡ ಮೇಲೆಯೇ ಅವನು ನೆಲದಿಂದ ಏಳುತ್ತಾನೆ.